ಈಶಾನ್ಯದ ಕೋಣೆ

ಅನುಸೂಯಾಳ ಬಾಯಲ್ಲಿ "ಗೊತ್ತಿಲ್ಲ" ಎಂಬ ಮಾತು ಬರುತ್ತಿರಲಿಲ್ಲ. ಅದು ಅಪ್ಪನಿಂದ ಬಂದ ಚಾಳಿ. ಅಪ್ಪ ನಟರಾಜ ಮೈಸೂರಿನಲ್ಲಿ ಮೂವತ್ತು ವರ್ಷ ಪ್ರವಾಸಿಗರಿಗೆ ಊರು ತೋರಿಸಿ ಸಂಸಾರ ಸಾಕಿದವರು. ಗೈಡ್ ಆದವನು ಗೊತ್ತಿಲ್ಲ ಅಂದರೆ ಬಂದವನ ರಜೆಯೇ ಹಾಳು ಎಂಬುದು ಅವರ ಸಿದ್ಧಾಂತ. ಯಾರಾದರೂ ಒಂದು ಕಂಬ ತೋರಿಸಿ ಇದನ್ನು ಕೆತ್ತಿದವರು ಯಾರು ಎಂದು ಕೇಳಿದರೆ ಸಾಕು, ಶಿಲ್ಪಿಗೊಂದು ಹೆಸರು, ಒಂದು ಊರು, ಮುನಿಸಿಕೊಂಡು ತವರಿಗೆ ಹೋದ ಹೆಂಡತಿ, ಎಲ್ಲವನ್ನೂ ನಿಂತ ನಿಲುವಿನಲ್ಲೇ ಕೊಟ್ಟುಬಿಡುತ್ತಿದ್ದರು. ಸಂಜೆ ಮನೆಗೆ ಬಂದು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಮಗಳು ಅಪ್ಪನಿಂದ ಕಥೆ ಕಟ್ಟಲು ಕಲಿತಳು. ಆಮೇಲೆ ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಮಾಡಿ, ಆಧಾರವಿಲ್ಲದ ಮಾತಿಗೆ ಕಿಲುಬು ಕಾಸಿನ ಬೆಲೆ ಇಲ್ಲ ಎಂದೂ ಕಲಿತಳು. ಇಂಥ ಎರಡು ವಿದ್ಯೆಗಳು ಒಂದೇ ತಲೆಯಲ್ಲಿ ಜಗಳವಾಡದೆ ಎಷ್ಟು ದಿನ ಇದ್ದಾವು?

1998ರಲ್ಲಿ ಅವಳು ಗಂಡ ಭೀಮಸೇನನ ಜೊತೆ ಯೋಕೋಹಾಮಾಕ್ಕೆ ಬಂದಳು. ಅವನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದವನು. ದಿನವಿಡೀ ಅಳೆಯುವುದು, ಅಳೆದದ್ದನ್ನು ಮತ್ತೆ ಅಳೆಯುವುದು ಅವನ ಕೆಲಸ. ಮಗಳು ಸಾಹಿತ್ಯಳನ್ನು ಬೆಳೆಸುತ್ತ, ವಾರ್ಡ್ ಆಫೀಸಿನ ಪುಕ್ಕಟೆ ತರಗತಿಯಲ್ಲಿ ಜಪಾನಿ ಭಾಷೆ ಕಲಿಯುತ್ತ ಅವಳಿಗೆ ಎಂಟು ವರ್ಷ ಕಳೆದವು. ಒಂಬತ್ತನೆಯ ವರ್ಷ ಥಾರ್ನ್‌ಬೆಕ್ ಹಾಲ್ ಎಂಬ ಮಹಲಿನಲ್ಲಿ ಕೆಲಸ ಸಿಕ್ಕಿತು.

ಥಾರ್ನ್‌ಬೆಕ್ ಹಾಲ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಹಳ್ಳಿಗಾಡಿನಲ್ಲಿ. 1640ರ ಸುಮಾರಿಗೆ ಉಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ. ಓಕ್ ಮರದ ಕಂಬ, ಓಕ್ ಮರದ ತೊಲೆ, ನಡುವೆ ಸುಣ್ಣ ಬಳಿದ ಗೋಡೆ. ಮೊಮ್ಮಗ ಒಂದು ಊಟದ ಹಜಾರ ಸೇರಿಸಿದ, ಅವನ ಮೊಮ್ಮಗ ಬಿಲಿಯರ್ಡ್ಸ್ ಕೋಣೆ ಸೇರಿಸಿದ. ಮೊದಲನೆಯ ಮಹಾಯುದ್ಧ ಮನೆಯ ಮೂವರು ಗಂಡುಮಕ್ಕಳನ್ನೂ ನುಂಗಿತು. ಎರಡನೆಯ ಯುದ್ಧದ ಹೊತ್ತಿಗೆ ಉಳಿದದ್ದು ಒಬ್ಬಳು ಮುದಿ ಯಜಮಾನಿ ಮತ್ತು ಎಂಟು ಜನ ಆಳುಗಳು. ಅವಳ ಕಾಲದ ಮೇಲೆ ಅದು ಶಾಲೆಯಾಯಿತು, ಗೋದಾಮಾಯಿತು, ಕಡೆಗೆ ಪಾರಿವಾಳಗಳ ಪಾಲಾಯಿತು. 1989ರಲ್ಲಿ, ಜಪಾನಿನ ಜನ ಏನು ಕಂಡರೂ ಕೊಳ್ಳುತ್ತಿದ್ದ ಆ ಅಮಲಿನ ದಿನಗಳಲ್ಲಿ, ಮದುವೆ ಮಾಡಿಸುವ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಕಂಬ, ತೊಲೆ, ಬಾಗಿಲುವಾಡ, ಮೆಟ್ಟಿಲು, ಎಲ್ಲವನ್ನೂ ಬಿಚ್ಚಿ ನಂಬರು ಹಾಕಿ ಹಡಗಿಗೇರಿಸಿದರು. ಯೋಕೋಹಾಮಾದ ಅಂಚಿನ ಗುಡ್ಡವೊಂದರ ಮೇಲೆ ಅದು ಮತ್ತೆ ಎದ್ದು ನಿಂತಿತು. ಇಂಗ್ಲಿಷ್ ಮಹಲಿನಲ್ಲಿ ಜಪಾನೀ ಜೋಡಿಗಳ ಮದುವೆ, ಮದುವೆಗೆ ಬಂದವರಿಗೆ ಮನೆ ತೋರಿಸಿ ವಿವರಿಸಲು ಮೈಸೂರಿನ ಹೆಂಗಸು. ಭೂಮಿ ಹೀಗೂ ತಿರುಗುತ್ತದೆ.

2007ರ ವಸಂತದಲ್ಲಿ, ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗದಿದ್ದಾಗ, ಒಬ್ಬ ಮದುಮಗಳು ಅಡುಗೆಮನೆಯಾಚೆಗಿನ ಸಣ್ಣ ಕೋಣೆಯೊಂದನ್ನು ತೋರಿಸಿ ಇದೇನು ಎಂದು ಕೇಳಿದಳು. ದಪ್ಪ ಬಾಗಿಲು, ಒಳಗೊಂದು ಪುಟ್ಟ ಕಿಟಕಿ. ಬಾಗಿಲಲ್ಲಿ ಎದೆಮಟ್ಟಕ್ಕೆ ಅಂಗೈಯಗಲದ ಎರಡರಷ್ಟು ಒಂದು ಕಿಂಡಿ, ಅದಕ್ಕೊಂದು ಜಾರುವ ಮುಚ್ಚಳ. ಕಂಪನಿಯ ಕಾಗದಗಳಲ್ಲಿ ಆ ಕೋಣೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅನುಸೂಯಾ ಒಮ್ಮೆ ಸುತ್ತ ನೋಡಿದಳು. ಕೋಣೆ ಇರುವುದು ಮನೆಯ ಈಶಾನ್ಯಕ್ಕೆ. ಈಶಾನ್ಯದಲ್ಲಿ ದೇವರಲ್ಲದೆ ಇನ್ನಾರು ಇರುತ್ತಾರೆ? ಇನ್ನು ಆ ಕಿಂಡಿ. ಉಡುಪಿಗೆ ಹೋಗಿ ಬಂದ ಯಾವ ಕನ್ನಡಿಗನಿಗೆ ದೇವರ ಎದುರಿನ ಕಿಂಡಿಯ ಅರ್ಥ ಗೊತ್ತಿಲ್ಲ?

"ಇದು ಪ್ರಾರ್ಥನೆಯ ಕೋಣೆ. ಯಜಮಾನರು ಒಳಗೆ ಕೂತು ಪ್ರಾರ್ಥನೆ ಮಾಡುವಾಗ ಆಳುಗಳು ಹೊರಗಿನಿಂದ ಈ ಕಿಂಡೀಲಿ ನೋಡಿ ಕೈ ಮುಗೀತಿದ್ರು," ಎಂದಳು.

ಮದುಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ನಿಮಿಷ ಬಿಟ್ಟು ಹೊರಬಂದಾಗ ಅವಳ ಕಣ್ಣು ತೇವವಾಗಿತ್ತು, ಮುಖ ತಿಳಿಯಾಗಿತ್ತು. ಅವಳು ಗೆಳತಿಯರಿಗೆ ಹೇಳಿದಳು, ಗೆಳತಿಯರು ಊರಿಗೆ ಹೇಳಿದರು. ಮ್ಯಾನೇಜರ್ ಒಚಿಯಾಯ್-ಸಾನ್ ಅದನ್ನು ಕರಪತ್ರದಲ್ಲಿ ಹಾಕಿಸಿದರು. ಎರಡು ವರ್ಷದಲ್ಲಿ ಅದು ಪದ್ಧತಿಯೇ ಆಗಿಹೋಯಿತು. ಥಾರ್ನ್‌ಬೆಕ್‌ನಲ್ಲಿ ಮದುವೆಯಾಗುವ ಹುಡುಗಿ ಉಂಗುರ ಬದಲಾಯಿಸುವ ಮುಂಚೆ ಆ ಕೋಣೆಯಲ್ಲಿ ಒಂದು ನಿಮಿಷ ಒಬ್ಬಳೇ ಕೂರಬೇಕು. ಅನುಸೂಯಾ ಮೊದಮೊದಲು ಸ್ವಲ್ಪ ಅಳುಕಿದ್ದಳು. ಮುನ್ನೂರು ಸಲ ಹೇಳುವಷ್ಟರಲ್ಲಿ ತಾನೇ ನಂಬಿದ್ದಳು.

ಹೀಗೆ ಹದಿಮೂರು ವರ್ಷ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ತುರ್ತುಸ್ಥಿತಿ ಬಂತು. ಮದುವೆಗಳು ಮುಂದಕ್ಕೆ ಹೋದವು, ಆಮೇಲೆ ರದ್ದಾದವು. ಬೇಸಿಗೆಯ ಕೊನೆಗೆ ಕಂಪನಿ ಥಾರ್ನ್‌ಬೆಕ್ ಹಾಲನ್ನು ಮುಚ್ಚಿ, ಕೆಡವಿ, ಜಾಗ ಮಾರುವುದೆಂದು ತೀರ್ಮಾನಿಸಿತು. ಅಲ್ಲಿ ಮದುವೆಯಾಗಿದ್ದ ಜೋಡಿಗಳು ಸುಮ್ಮನಿರಲಿಲ್ಲ. ಎರಡು ಸಾವಿರ ಜನ ಸಹಿ ಹಾಕಿ, ಮನೆಯನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿಕೊಳ್ಳಿ ಎಂದು ನಗರಸಭೆಗೆ ಮನವಿ ಕೊಟ್ಟರು. ಮನವಿಯ ಮೊದಲ ಸಾಲಿನಲ್ಲೇ ಪ್ರಾರ್ಥನೆಯ ಕೋಣೆ. ನಗರಸಭೆಯವರು ಆಗಲಿ ನೋಡೋಣ, ಮೊದಲು ಮನೆಯ ಇತಿಹಾಸ ಬರೆದು ಕೊಡಿ ಎಂದರು. ಬರೆಯುವ ಕೆಲಸ ಅನುಸೂಯಾಳ ತಲೆಗೆ ಬಂತು. ಅವಳಿಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ. ಆ ಮನೆ ಎಂದರೆ ಅವಳಿಗೆ ಸಂಬಳ ಕೊಡುವ ಜಾಗ ಮಾತ್ರವಾಗಿರಲಿಲ್ಲ. ಪರದೇಶದಲ್ಲಿ ಅವಳನ್ನು ಯಾರೋ ಒಬ್ಬರ ಹೆಂಡತಿ, ಯಾರೋ ಒಬ್ಬರ ತಾಯಿ ಎನ್ನದೆ ಅನು-ಸಾನ್ ಎಂದು ಮರ್ಯಾದೆಯಿಂದ ಹೆಸರು ಹಿಡಿದು ಕರೆದದ್ದು ಅದೊಂದೇ ಮನೆ.

ಆಧಾರ ಬೇಕಲ್ಲ, ಅದಕ್ಕೆಂದು ಮನೆ ಮೊದಲಿದ್ದ ಊರಿನ ಇತಿಹಾಸಾಸಕ್ತರ ಸಂಘಕ್ಕೆ ಇ-ಮೇಲ್ ಬರೆದಳು, ಜೊತೆಗೆ ಕರಪತ್ರ ಕಳಿಸಿದಳು. ಅಕ್ಟೋಬರಿನಲ್ಲಿ ಉತ್ತರ ಬಂತು. ಅದನ್ನು ಹೇಳಿ ಬರೆಸಿದವಳು ಡೊರೀನ್ ಪ್ಲಾಟ್ ಎಂಬ ತೊಂಬತ್ತೆರಡು ವರ್ಷದ ಅಜ್ಜಿ. ಇದ್ದದ್ದು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ. ಬೆರಳಚ್ಚು ಮಾಡಿದ್ದು ಅಲ್ಲಿನ ನರ್ಸ್.

"ಕರಪತ್ರದಲ್ಲಿ ಬಾಗಿಲಿನ ಫೋಟೋ ನೋಡಿದ ಕೂಡಲೇ ಗುರುತು ಹಿಡಿದೆ," ಎಂದಿತ್ತು ಪತ್ರ. "ಹದಿಮೂರನೆಯ ವಯಸ್ಸಿನಲ್ಲಿ ನಾನು ಆ ಮನೆಯ ಪಾತ್ರೆ ತೊಳೆಯುವವಳು. ಅಕ್ಕ ಐವಿ ಅಡುಗೆಯವಳ ಕೈಕೆಳಗೆ ಇದ್ದಳು, ಅವಳಿಗೆ ಹದಿನೇಳು. ಕಾಯಿಲೆ ಬಿದ್ದ ಆಳುಗಳನ್ನು ಬೇರೆ ಇಡುವ ಕೋಣೆ ಅದು. 1942ರ ಜನವರಿಯಲ್ಲಿ ಐವಿಗೆ ಗಂಟಲಮಾರಿ ಬಂತು. ಹಿಮ ಬಿದ್ದು ದಾರಿ ಮುಚ್ಚಿತ್ತು, ಆಸ್ಪತ್ರೆಗೆ ಸಾಗಿಸಲಾಗಲಿಲ್ಲ. ಕಿಂಡಿಯಲ್ಲಿ ತಟ್ಟೆ ಇಟ್ಟು ಮುಚ್ಚಳ ಎಳೆದು ಓಡಿಬರಬೇಕೆಂದು ನನಗೆ ಅಪ್ಪಣೆಯಾಗಿತ್ತು. ತಟ್ಟೆ ತೆಗೆದುಕೊಂಡರೆ ಅವಳು ಎರಡು ಸಲ ಬಾಗಿಲು ಬಡಿಯುತ್ತಿದ್ದಳು. ಐದನೆಯ ದಿನ ಬಡಿಯಲಿಲ್ಲ. ಅಮ್ಮಾ, ಅದು ದೇವರ ಕೋಣೆ ಅಂತ ದಯವಿಟ್ಟು ಹೇಳಬೇಡಿ. ಅಲ್ಲಿ ಯಾರೂ ಪ್ರಾರ್ಥನೆ ಮಾಡಲಿಲ್ಲ. ನಾವೆಲ್ಲ ದೂರ ನಿಂತಿದ್ದೆವು."

ಅನುಸೂಯಾ ಪತ್ರ ಓದಿ ಅಡುಗೆಮನೆಯ ಕುರ್ಚಿಯಲ್ಲಿ ಕೂತವಳು ಒಲೆಯ ಮೇಲಿನ ಸಾರು ಸೀದ ವಾಸನೆ ಬರುವವರೆಗೂ ಏಳಲಿಲ್ಲ. ಅವಳಿಗೆ ನಾಚಿಕೆಯಾಯಿತು. ಬೆನ್ನಿಗೇ ಭಯವಾಯಿತು. ಕೊನೆಯ ಆಸೆಯೊಂದಿತ್ತು: ಮುದುಕಿಗೆ ಮರೆವಿರಬಹುದು, ಈಶಾನ್ಯ ಸುಳ್ಳಾಗುತ್ತದೆಯೇ? ಮರುದಿನವೇ ಗುಡ್ಡ ಹತ್ತಿ ಸೆಗಾವಾ-ಸಾನ್ ಎದುರು ನಿಂತಳು. ಸೆಗಾವಾ-ಸಾನ್ ಮುಪ್ಪಿನ ಬಡಗಿ. 1990ರಲ್ಲಿ ಆ ಮನೆಯನ್ನು ಇಲ್ಲಿ ಜೋಡಿಸಿದವರು, ಆಮೇಲೆ ಅದರ ಕಾವಲಿಗೆ ಉಳಿದವರು.

"ಇಂಗ್ಲೆಂಡಿನಲ್ಲಿ ಅದು ಈಶಾನ್ಯದಲ್ಲಿರಲಿಲ್ಲ, ಅನು-ಸಾನ್," ಎಂದರು ಅವರು. "ಅಲ್ಲಿ ಮನೆಯ ಮುಂಬಾಗಿಲೇ ಈಶಾನ್ಯಕ್ಕಿತ್ತು. ನಮ್ಮಲ್ಲಿ ಅದು ದೆವ್ವ ಬರುವ ದಿಕ್ಕು. ಮದುವೆ ಮನೆಗೆ ಆ ಕಡೆ ಬಾಗಿಲಿಟ್ಟರೆ ಯಾರು ಬರ್ತಾರೆ? ಹಾಗಾಗಿ ಇಡೀ ಮನೆಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದೆವು. ವಾಯವ್ಯದಲ್ಲಿದ್ದ ಉಗ್ರಾಣದಂಥ ಆ ಕೋಣೆ ಈಶಾನ್ಯಕ್ಕೆ ಬಂತು. ಒಳ್ಳೇದೇ ಆಯ್ತು, ಅಲ್ಲಿ ಯಾರೂ ಓಡಾಡೋದು ಬೇಡ ಅಂದುಕೊಂಡೆ."

ನೀವು ಬೇಕಾದರೆ ನಗಿ. ಇಂಗ್ಲಿಷರು ದಿಕ್ಕು ನೋಡದೆ ಕಟ್ಟಿದರು, ಜಪಾನೀಯರು ದೆವ್ವಕ್ಕೆ ಹೆದರಿ ತಿರುಗಿಸಿದರು, ದೆವ್ವದ ಮೂಲೆಗೆ ಬಂದು ಬಿದ್ದದ್ದನ್ನು ಕನ್ನಡತಿ ದೇವರ ಮನೆ ಮಾಡಿದಳು. ಅನುಸೂಯಾಗೂ ಒಂದು ಗಳಿಗೆ ನಗು ಬಂತು. ಆಮೇಲೆ ಎರಡು ತಟ್ಟುಗಳಿಗೆ ಕಾದು ನಿಂತ ಹದಿಮೂರರ ಹುಡುಗಿ ನೆನಪಾಗಿ ನಗು ಸತ್ತಿತು.

ಒಚಿಯಾಯ್-ಸಾನ್ ಪತ್ರವನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ. ಅದನ್ನು ಮಡಿಸಿ ಅವಳ ಕಡೆಗೇ ಸರಿಸಿದರು.

"ಕೋಣೆಯಲ್ಲಿ ಸಾವಾಗಿದೆ ಅಂತ ಗೊತ್ತಾದರೆ ಯಾರೂ ಈ ಮನೆ ಮುಟ್ಟುವುದಿಲ್ಲ," ಎಂದರು. "ಪತ್ರ ಬಂದದ್ದು ನಿಮ್ಮ ಹೆಸರಿಗೆ. ನಾನು ನೋಡಿಲ್ಲ ಅಂತ ಇಟ್ಟುಕೊಳ್ಳೋಣ. ಫೆಬ್ರವರಿಯಲ್ಲಿ ನಗರಸಭೆಯ ಸಮಿತಿಯ ಮುಂದೆ ಓದುವವರು ನೀವೇ. ನಿಮಗೆ ಸರಿ ಕಂಡದ್ದನ್ನು ಓದಿ."

ಜವಾಬ್ದಾರಿಯನ್ನು ಹೀಗೆ ಬಗ್ಗಿ ವಂದಿಸಿ ಇನ್ನೊಬ್ಬರ ಕೈಗೆ ಕೊಡುವುದೂ ಒಂದು ಕಲೆ. ಅನುಸೂಯಾ ಅದನ್ನು ಮನೆಗೆ ತಂದು ಗಂಡನ ಮುಂದಿಟ್ಟಳು.

"ರೀ, ಏನ್ ಮಾಡ್ಲಿ ಹೇಳ್ರೀ."

"ನೀನೇನು ಬೇಕಂತ ಸುಳ್ಳು ಹೇಳಿದ್ಯಾ? ಇಲ್ಲ ತಾನೇ? ಎರರ್ ಆಗಿದೆ ಅಷ್ಟೇ ಕಣೇ," ಎಂದ ಭೀಮಸೇನ. "ನಮ್ ಫ್ಯಾಕ್ಟರೀಲಿ ಒಂದು ಗೇಜ್ ತಪ್ಪು ಅಂತ ಗೊತ್ತಾದ್ರೆ, ಆ ಗೇಜಲ್ಲಿ ಅಳೆದ ಪಾರ್ಟ್ ಎಲ್ಲಾ ವಾಪಸ್ ಕರೆಸ್ತೀವಿ."

"ಹಾಗಾದ್ರೆ ಹದಿಮೂರು ವರ್ಷದ ಮದುಮಕ್ಕಳನ್ನೆಲ್ಲ ವಾಪಸ್ ಕರೆಸ್ಲಾ? ನಿಮಗೇನ್ ಗೊತ್ತು, ಅದು ನಟ್ಟು ಬೋಲ್ಟ್ ಅಲ್ಲ!"

"ಅಮ್ಮಾ, ಆ ರೂಮ್ ಬಗ್ಗೆ ಏನೂ ಬರೀಬೇಡ. ಜಸ್ಟ್ ಸ್ಕಿಪ್ ಇಟ್," ಎಂದಳು ಸಾಹಿತ್ಯ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಆ ವರ್ಷ ಅವಳ ಕಾಲೇಜು ಊಟದ ಮೇಜಿನ ಮೇಲೇ ನಡೆಯುತ್ತಿತ್ತು. ಮಗಳ ಮಾತು ಅನುಸೂಯಾಗೆ ಹಿಡಿಸಿತು. ಸುಳ್ಳೂ ಹೇಳುವುದು ಬೇಡ, ನಿಜವೂ ಬೇಡ. ಕೋಣೆಯ ಬಗ್ಗೆ ಬಾಯಿ ಬಿಡದೆ ನಲವತ್ತು ಪುಟ ಬರೆದು ಮುಗಿಸಿದಳು. ಡೊರೀನ್‌ಗೆ ಉತ್ತರ ಮಾತ್ರ ಬರೆಯಲಾಗಲಿಲ್ಲ.

ಜನವರಿಯಲ್ಲಿ ಭೀಮಸೇನನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೋವಿಡ್ ಎಂದಾಯಿತು. ಆಸ್ಪತ್ರೆಗಳು ತುಂಬಿದ್ದವು, ಮನೆಯಲ್ಲೇ ಬೇರೆ ಇರಿ ಎಂದು ಆರೋಗ್ಯ ಕೇಂದ್ರದವರು ಫೋನಿನಲ್ಲಿ ಹೇಳಿದರು. ಅವನು ಚಾಪೆ ಹಾಸಿದ ಕೋಣೆ ಸೇರಿ ಬಾಗಿಲು ಎಳೆದುಕೊಂಡ. ಅವಳು ಅನ್ನ, ತಿಳಿಸಾರು, ಬಿಸಿನೀರು ಬಾಗಿಲ ಹೊರಗಿಟ್ಟು, ಬೆರಳಲ್ಲಿ ಬಡಿದು, ಹಿಂದಕ್ಕೆ ಸರಿದು ನಿಲ್ಲುವಳು. ಒಳಗಿನಿಂದ "ಅರಿಗಾತೋ ಮೇಡಂ" ಎಂದು ಕೆಮ್ಮು ಬೆರೆತ ತಮಾಷೆಯ ಥ್ಯಾಂಕ್ಸ್ ಬರುತ್ತಿತ್ತು. ನಾಲ್ಕನೆಯ ದಿನ ಸಂಜೆ ಏನೂ ಬರಲಿಲ್ಲ. ಮತ್ತೆ ಬಡಿದಳು. ಕರೆದಳು. ಆಮೇಲೆ ಯಾವ ಆರೋಗ್ಯ ಕೇಂದ್ರದ ಮಾತೂ ನೆನಪಿಲ್ಲದೆ ಬಾಗಿಲು ತಳ್ಳಿ ಒಳನುಗ್ಗಿದಳು. ಭೀಮಸೇನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದ.

"ಯಾಕೇ ಒಳಗ್ ಬಂದೆ? ಹುಚ್ಚಾ ನಿಂಗೆ? ಹೋಗ್ ಆಚೆಗೆ!" ಎಂದು ಎದ್ದು ರೇಗಿದ.

ಅವಳು ಹೋಗಲಿಲ್ಲ. ಗೋಡೆಗೊರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತನಗೆ ಬಾಗಿಲು ತಳ್ಳುವ ಅಧಿಕಾರವಿತ್ತು. ಐವಿಗೆ ತಟ್ಟೆ ತಂದಿಟ್ಟ ಆ ಮಗುವಿಗೆ ಇರಲಿಲ್ಲ. ಬಾಗಿಲಾಚೆ ನಿಂತ ಅವಳನ್ನು ತಾನು ಹದಿಮೂರು ವರ್ಷ ಕೈಮುಗಿಯುವ ಭಕ್ತೆಯಾಗಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದಳು. ಗಂಡ ಚೇತರಿಸಿಕೊಂಡ ವಾರವೇ ಅವಳು ನಲವತ್ತೊಂದನೆಯ ಪುಟ ಬರೆದಳು.

ಫೆಬ್ರವರಿಯ ಸಭೆಯಲ್ಲಿ ಮಾಸ್ಕ್ ಹಾಕಿದ ಏಳು ಜನ ದೂರ ದೂರ ಕೂತಿದ್ದರು. ಸಹಿ ಹಾಕಿದ ಜೋಡಿಗಳು ಆನ್‌ಲೈನಿನಲ್ಲಿ ನೋಡುತ್ತಿದ್ದರು. ಅನುಸೂಯಾ ಡೊರೀನಳ ಪತ್ರವನ್ನು ಜಪಾನಿಯಲ್ಲಿ ಓದಿದಳು. ಆಮೇಲೆ, "ಪ್ರಾರ್ಥನೆಯ ಕೋಣೆ ಅಂತ ಮೊದಲು ಹೇಳಿದವಳು ನಾನು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ," ಎಂದು ತಲೆ ಬಗ್ಗಿಸಿದಳು. ಐವತ್ತೆರಡು ವರ್ಷದಲ್ಲಿ ಆ ಮಾತು ಮೊದಲ ಬಾರಿ ಅವಳ ಬಾಯಿಂದ ಬಂದದ್ದು ಪರಭಾಷೆಯಲ್ಲಿ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ವಾರದಲ್ಲಿ ಸಹಿಗಳು ಒಂದೊಂದಾಗಿ ಹಿಂದೆ ಸರಿದವು. ಆ ಮೊದಲ ಮದುಮಗಳು ಒಂದು ಕಾರ್ಡ್ ಬರೆದಳು: "ಆ ಕೋಣೆಯಲ್ಲಿ ಕೂತು ನಾನು ತೀರಿಹೋದ ನನ್ನ ತಾಯಿಯ ಜೊತೆ ಮಾತಾಡಿದ್ದೆ. ಅದನ್ನು ಈಗ ಏನು ಮಾಡಲಿ?" ಮಾರ್ಚಿನಲ್ಲಿ ನಗರಸಭೆ, ಕಟ್ಟಡ ವಹಿಸಿಕೊಳ್ಳಲು ಆಗುವುದಿಲ್ಲ, ಇತಿಹಾಸದ ಪ್ರತಿಯನ್ನು ಮಾತ್ರ ದಫ್ತರಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಬರೆಯಿತು. ಮನೆ ಬಿಚ್ಚುವುದು ನಿಶ್ಚಯವಾಯಿತು. ಅವಳ ಕೆಲಸವೂ ಅಲ್ಲಿಗೆ ಮುಗಿಯಿತು.

ಅಂದೇ ಅವಳು ಡೊರೀನ್‌ಗೆ ಎಲ್ಲವನ್ನೂ ಬರೆದಳು. ಉತ್ತರ ಎರಡು ಸಾಲು. "ನಿಮ್ಮ ಮನೆ ಹೋದದ್ದಕ್ಕೆ ದುಃಖವಾಯಿತು. ಬಿಚ್ಚುವ ಮುಂಚೆ ಆ ಕೋಣೆಯನ್ನು ಒಳಗಿನಿಂದ ನನಗೆ ತೋರಿಸುತ್ತೀರಾ? ನಾನು ಒಮ್ಮೆಯೂ ನೋಡಿಲ್ಲ."

ಜೂನ್ ತಿಂಗಳ ಒಂದು ಸಂಜೆ ಐದು ಗಂಟೆಗೆ, ಅಲ್ಲಿ ಬೆಳಗಿನ ಒಂಬತ್ತಕ್ಕೆ, ವಿಡಿಯೋ ಕರೆ ಎಂದು ಗೊತ್ತಾಯಿತು. ಅನುಸೂಯಾ ಹೋದಾಗ ಹಜಾರದ ಹೆಂಚು ಇಳಿದಿತ್ತು. ಸೆಗಾವಾ-ಸಾನ್ ಇಂಗ್ಲೆಂಡಿನಿಂದ ಬಂದ ಮರಗಳಿಗೆಲ್ಲ ಕೆಂಪು ಚೀಟಿ ಕಟ್ಟುತ್ತಿದ್ದರು. ಅವು ಗೋದಾಮಿಗೆ, ಮಿಕ್ಕದ್ದು ಕಸಕ್ಕೆ. ಅವಳು ಕೇಳಿಕೊಂಡಿದ್ದಕ್ಕೆ ಆ ಸಣ್ಣ ಕೋಣೆಯನ್ನು ಕೊನೆಗೆ ಉಳಿಸಿದ್ದರು. ಅದರ ಬಾಗಿಲಿಗೆ ಚೀಟಿ ಕಟ್ಟಿದರು, ಎರಡು ತೊಲೆಗೆ ಕಟ್ಟಿದರು. ಕಿಟಕಿಗೆ ಕಟ್ಟಲಿಲ್ಲ.

"ಇದು ಇಂಗ್ಲೆಂಡಿನದಲ್ಲ, ನಂದು," ಎಂದರು. "ಬಂದಾಗ ನಾಲ್ಕು ಕಡೆಯೂ ಗೋಡೆ, ಒಳಗೆ ಕಗ್ಗತ್ತಲೆ. ಹೇಗೂ ದೆವ್ವದ ದಿಕ್ಕು, ಸ್ವಲ್ಪ ಬೆಳಕಾದರೂ ಬರಲಿ ಅಂತ ಕಿಟಕಿ ಇಟ್ಟೆ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಬಿಳಿ ಕೂದಲಿನ ಪುಟ್ಟ ಮುಖ, ಹಿಂದೆ ನರ್ಸಿನ ನೀಲಿ ಕೈಗವಸು. ಅನುಸೂಯಾ ಮೊದಲು ಬಾಗಿಲು ತೋರಿಸಿದಳು. ಡೊರೀನ್ ಕಿಂಡಿಯನ್ನೇ ನೋಡುತ್ತಿದ್ದಳು. ಅನುಸೂಯಾ ಬಾಗಿಲು ತೆರೆದು ಒಳಗೆ ಕಾಲಿಟ್ಟು, ಫೋನನ್ನು ನಿಧಾನ ಸುತ್ತಲೂ ತಿರುಗಿಸಿದಳು.

"ಅಯ್ಯೋ, ಅಲ್ಲಿ ಕಿಟಕಿ ಇದೆ!" ಎಂದಳು ಡೊರೀನ್. "ನೋಡಿ, ಕಿಟಕಿ! ಅವಳಿಗೆ ಬೆಳಕಿತ್ತು. ಎಪ್ಪತ್ತೊಂಬತ್ತು ವರ್ಷ ನಾನು... ಅವಳು ಕತ್ತಲಲ್ಲಿ ಮಲಗಿದ್ದಳು ಅಂದುಕೊಂಡಿದ್ದೆ. ಕಿಟಕಿ ಆಗಲೂ ಇತ್ತಲ್ವಾ ಅಮ್ಮಾ?"

ಅನುಸೂಯಾ ಬಾಗಿಲ ಕಡೆ ನೋಡಿದಳು. ಕೈಯಲ್ಲಿ ಕೆಂಪು ಚೀಟಿಗಳ ಕಟ್ಟು ಹಿಡಿದು ಸೆಗಾವಾ-ಸಾನ್ ನಿಂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೂ ಮುದುಕಿ ಏನು ಕೇಳಿದಳೆಂದು ಅವರಿಗೆ ಅರ್ಥವಾಗಿತ್ತು. ಅವರು ಕಣ್ಣು ತಗ್ಗಿಸಿದರು. ನಿಜ ಹೇಳಿ ಇಡೀ ಮನೆಯನ್ನೇ ಕಳೆದುಕೊಂಡು ನಿಂತವಳಿಗೆ ಇನ್ನೊಂದು ನಿಜ ಹೇಳುವುದು ಎಷ್ಟರ ಕಷ್ಟ?

"ಇತ್ತು, ಮಿಸೆಸ್ ಪ್ಲಾಟ್," ಎಂದಳು ಅನುಸೂಯಾ. "ಮೊದಲಿಂದಲೂ ಇತ್ತು."

ಡೊರೀನ್ ಬಹಳ ಹೊತ್ತು ಅತ್ತಳು. ನರ್ಸ್ ಅವಳ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದಳು. ಕರೆ ಮುಗಿಯುವವರೆಗೂ ಅನುಸೂಯಾ ಫೋನನ್ನು ಕಿಟಕಿಯ ಎದುರಿಗೇ ಹಿಡಿದು ನಿಂತಿದ್ದಳು. ತೋಳು ಸೋತರೂ ಇಳಿಸಲಿಲ್ಲ.

ಮರುವಾರ ಅವಳು ಇತಿಹಾಸದ ಕೊನೆಯ ಪ್ರತಿ ತಯಾರಿಸಿದಳು. ನಲವತ್ತೊಂದನೆಯ ಪುಟದ ಅಡಿಯಲ್ಲಿ ಒಂದು ಟಿಪ್ಪಣಿ ಸೇರಿಸಿದಳು: "ಈ ಕೋಣೆಯ ಕಿಟಕಿ ಮೂಲದಲ್ಲಿ ಇರಲಿಲ್ಲ, 1990ರಲ್ಲಿ ಬಡಗಿ ಸೆಗಾವಾ ಅವರು ಸೇರಿಸಿದ್ದು." ಆ ಪ್ರತಿಯನ್ನು ನಗರಸಭೆಯ ದಫ್ತರಕ್ಕೆ ಕಳಿಸಿದಳು. ಆಮೇಲೆ ಟಿಪ್ಪಣಿಯನ್ನು ಅಳಿಸಿ, ಇನ್ನೊಂದು ಪ್ರತಿ ತೆಗೆದು ಡೊರೀನಳ ಹೆಸರಿಗೆ ಇಂಗ್ಲೆಂಡಿಗೆ ಅಂಚೆಗೆ ಹಾಕಿದಳು.